ಹವಳದ ಬೇನೆ, ನೀರಿನ ನಾಡಿ

ಹವಳಕ್ಕೆ ಸಂಸ್ಕೃತದಲ್ಲಿ ‘ವಿದ್ರುಮ’ವೆಂಬ ಹೆಸರುಂಟು. ದ್ರುಮವೆಂದರೆ ಮರವಷ್ಟೆ. ಯೂರೋಪಿನ ಪಂಡಿತರೂ ಬಹುಕಾಲ ಹವಳವನ್ನು ಕಡಲಿನ ಗಿಡವೆಂದೇ ನಂಬಿದ್ದರು. 1720ರ ದಶಕದಲ್ಲಿ ಪೆಸ್ಸೊನೆಲ್ ಎಂಬ ಫ್ರೆಂಚ್ ವೈದ್ಯನು, ಹವಳದ ಹೂವುಗಳೆಂದು ಕರೆಯಲ್ಪಡುವವು ವಾಸ್ತವವಾಗಿ ಪುಟ್ಟ ಪ್ರಾಣಿಗಳು ಎಂದು ಹೇಳಿದಾಗ ಪ್ಯಾರಿಸಿನ ವಿದ್ವನ್ಮಂಡಲಿ ಆತನ ಮಾತಿಗೆ ಬೆಲೆಗೊಡಲಿಲ್ಲ. ಪ್ರಾಣಿಯೆಂದು ಒಪ್ಪಿದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ. ಈ ಪ್ರಾಣಿಗೆ ಕಾಯಿಲೆಯಾದರೆ ತಿಳಿಯುವುದೆಂತು? ಅದು ನರಳುವುದಿಲ್ಲ, ಕೂಗುವುದಿಲ್ಲ. ಮನೆಯ ಗಾಜಿನ ತೊಟ್ಟಿಯಲ್ಲಿ ಹವಳವನ್ನು ಸಾಕಹೊರಟವರು ಇದಕ್ಕೆ ಉತ್ತರ ಕಂಡುಕೊಂಡ ಬಗೆಯನ್ನು ಸ್ಥೂಲವಾಗಿ ನೋಡೋಣ.

1846ರಲ್ಲಿ ಆನಾ ಥಿನ್ ಎಂಬ ಆಂಗ್ಲ ಮಹಿಳೆ ಟಾರ್ಕೀ ತೀರದಿಂದ ಕೆಲವು ಹವಳಗಳನ್ನು ಲಂಡನ್ನಿಗೆ ಒಯ್ದಳು. ಅವನ್ನು ಸ್ಪಂಜಿಗೆ ಸೂಜಿದಾರದಿಂದ ಹೊಲಿದು ಗಾಜಿನ ಬೋಗುಣಿಯಲ್ಲಿರಿಸಿದಳು. ದಿನ ಬಿಟ್ಟು ದಿನ ಕಡಲ ನೀರನ್ನು ಬದಲಾಯಿಸಿದಳು. ನೀರಿಗೆ ಅಭಾವ ಬಂದಾಗ ಮನೆಗೆಲಸದಾಕೆ ತೆರೆದ ಕಿಟಕಿಯ ಬಳಿ ನಿಂತು, ಅರ್ಧ ಮುಕ್ಕಾಲು ಗಂಟೆ, ಅದೇ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಮರುವರ್ಷ ಕಡಲ ಪಾಚಿಯನ್ನೂ ಜೊತೆಗಿರಿಸಲಾಯಿತು. ಹವಳಗಳು ಬದುಕಿದ್ದಷ್ಟೇ ಅಲ್ಲ, ಸಂಖ್ಯೆಯಲ್ಲಿಯೂ ಹೆಚ್ಚಿದವು. ಅಲ್ಲಿ ಶುಶ್ರೂಷೆ ನಡೆದದ್ದು ಹವಳಕ್ಕಲ್ಲ, ನೀರಿಗೆ ಎಂಬುದನ್ನು ಗಮನಿಸಬೇಕು.

ಆದರೆ ಆಕೆ ಸಾಕಿದ್ದು ತಣ್ಣೀರಿನ ಹವಳ. ಉಷ್ಣವಲಯದ ದಿಬ್ಬಗಳನ್ನು ಕಟ್ಟುವ ಹವಳದ ಬಾಳು ಇನ್ನಷ್ಟು ಜಟಿಲವಾದುದು. ಅದರ ಮೈಯೊಳಗೆ ಏಕಕೋಶದ ಪಾಚಿಗಳು ವಾಸಿಸುತ್ತವೆ; ಬೆಳಕಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಬಡಿಸುತ್ತವೆ. 1928-29ರಲ್ಲಿ ಸಿ. ಎಂ. ಯಂಗ್ ಅವರ ನೇತೃತ್ವದ ತಂಡವು ಆಸ್ಟ್ರೇಲಿಯಾದ ಲೋ ದ್ವೀಪಗಳಲ್ಲಿ ಒಂದು ವರ್ಷವಿದ್ದು ಈ ಸಹಬಾಳುವೆಯನ್ನು ಪರೀಕ್ಷಿಸಿತು. ನೀರು ಅತಿಯಾಗಿ ಕಾದರೆ ಹವಳವು ತನ್ನ ಪಾಚಿಗಳನ್ನು ಹೊರದೂಡುವುದನ್ನು ಯಂಗ್ ಮತ್ತು ನಿಕೋಲ್ಸ್ 1931ರಲ್ಲಿ ವಿವರಿಸಿದರು. ಹವಳ ಬಿಳಿಚಿಕೊಳ್ಳುವುದರ ಮರ್ಮ ಇದೇ.

ಈ ಜಾತಿಯ ಹವಳಗಳನ್ನು ಮನೆಯಲ್ಲಿ ಉಳಿಸಿದವರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಪ್ರಮುಖರು. ಜೀವಾಣುಗಳಿಂದ ತುಂಬಿದ ಕಡಲ ಕಲ್ಲು ಮತ್ತು ಗಾಳಿಯ ಗುಳ್ಳೆ, ಇವೇ ಅವರ ಮುಖ್ಯ ಸಾಧನಗಳು; ತಮ್ಮ ವಿಧಾನವನ್ನು ಅವರು 1961ರಲ್ಲಿ ಪ್ರಕಟಿಸಿದರು. ಮುಂದೆ ಜರ್ಮನಿಯ ಹವ್ಯಾಸಿಗಳು ಪ್ರಬಲವಾದ ದೀಪ, ಕಲ್ಮಷವನ್ನು ನೊರೆಯಾಗಿ ತೆಗೆಯುವ ಯಂತ್ರ, ಸುಣ್ಣದ ತಿಳಿನೀರು ಇವನ್ನು ಸೇರಿಸಿದರು. ನಮ್ಮ ವೀಳ್ಯದೆಲೆಗೆ ಸವರುವ ಸುಣ್ಣವೂ ಅದೇ ರಾಸಾಯನಿಕ ವಸ್ತು. ಹವಳದ ಎಲುಬು ಬೆಳೆಯುವುದು ಅದರಲ್ಲಿರುವ ಕ್ಯಾಲ್ಸಿಯಮ್ಮಿನಿಂದಲೇ.

ಇಷ್ಟೆಲ್ಲ ಅನುಭವದಿಂದ ರೋಗನಿದಾನದ ಒಂದು ಕ್ರಮ ರೂಪುಗೊಂಡಿದೆ. ಹವಳ ಬೆಳ್ಳಗಾದೊಡನೆ ಸತ್ತಿತೆಂದು ಎಸೆಯಲಾಗದು. ಎಲುಬಿನ ಮೇಲೆ ತೆಳುವಾದ ಪಾರದರ್ಶಕ ಮಾಂಸ ಉಳಿದಿದ್ದರೆ ಅದು ಬಿಳಿಚಿಕೊಂಡಿದೆಯಷ್ಟೆ. ಶಾಖವನ್ನೂ ದೀಪದ ಪ್ರಖರತೆಯನ್ನೂ ತಗ್ಗಿಸಿದರೆ ಪಾಚಿ ಮರಳಬಹುದು. ಮಾಂಸವೇ ಕಳಚಿ ಎಲುಬು ಬೋಳಾಗುತ್ತಿದ್ದರೆ ಅಪಾಯ ಹೆಚ್ಚು. ಆಗ ಆರೋಗ್ಯವಾಗಿರುವ ರೆಂಬೆಯನ್ನು ಕತ್ತರಿಸಿ ಬೇರೆಡೆ ನೆಡುವುದುಂಟು. ಕಂದು ಬಣ್ಣಕ್ಕೆ ತಿರುಗಿದರೆ ನೀರಿನಲ್ಲಿ ಪೋಷಕಾಂಶ ಮಿತಿಮೀರಿರಬಹುದು, ಇಲ್ಲವೆ ಬೆಳಕು ಸಾಲದಿರಬಹುದು. ಯಾವುದಕ್ಕೂ ಮೊದಲು ನೀರಿನ ನಾಡಿ ಹಿಡಿಯಬೇಕು: ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಲವಣ, ಲೀಟರಿಗೆ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ, 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆ, ಏರಿಳಿಯದ ಕ್ಷಾರೀಯತೆ. ಏರುಪೇರು ಕಂಡರೂ ಒಮ್ಮೆಗೇ ತಿದ್ದಲಾಗದು. ಹಠಾತ್ ತಿದ್ದುಪಡಿಯೇ ಎಷ್ಟೋ ಹವಳಗಳಿಗೆ ಮೃತ್ಯುವಾಗಿದೆ.

ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯಿದೆಯ ಒಂದನೆಯ ಅನುಸೂಚಿಯ ರಕ್ಷಣೆ ದೊರೆತಿದೆ. ಮುರ್ಡೇಶ್ವರದೆದುರಿನ ನೇತ್ರಾಣಿ ದ್ವೀಪದ ಹವಳವನ್ನು ಕಿತ್ತು ಮನೆಗೆ ತರುವಂತಿಲ್ಲ, ತರಲೂಬಾರದು. ಹಾಗಿದ್ದೂ ತೊಟ್ಟಿಯ ಈ ಪಾಠ ನಮಗೆ ನಿರುಪಯುಕ್ತವಲ್ಲ. ಕಡಲಿನ ನೀರು ವಾಡಿಕೆಯ ಬೇಸಗೆಗಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಸಾಕು, ಹವಳ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಲಕ್ಷದ್ವೀಪದ ದಿಬ್ಬಗಳು ಹೀಗೆಯೇ ನರಳಿದವು. ನಾಲ್ಕನೆಯ ಜಾಗತಿಕ ಬಿಳಿಚುವಿಕೆ ನಡೆದಿದೆಯೆಂದು ವಿಜ್ಞಾನಿಗಳು 2024ರಲ್ಲಿ ದೃಢಪಡಿಸಿದರು. ಆನಾ ಥಿನ್ ತನ್ನ ಬೋಗುಣಿಯ ನೀರು ಹಳಸಿದಾಗ ಕಡಲಿನಿಂದ ಬೇರೆ ನೀರು ತರಿಸಬಲ್ಲವಳಾಗಿದ್ದಳು. ಕಡಲೇ ಕಾದಾಗ ಬೇರೆ ನೀರನ್ನು ತರುವುದು ಎಲ್ಲಿಂದ? ಶಾಖವನ್ನು ಇಳಿಸುವುದೊಂದೇ ಅಲ್ಲಿಗೂ ಇರುವ ಚಿಕಿತ್ಸೆ.