ಮನೆಗೆ ಹೀಟ್ ಪಂಪ್ ಹಾಕಿಸಲು ಎಷ್ಟು ಖರ್ಚು? ಗೀಸರ್ ಬದಲಿಸುವ ಮುನ್ನ ಈ ಲೆಕ್ಕ ನೋಡಿ

ಗೀಸರ್ ಬದಲು ಹೀಟ್ ಪಂಪ್ ಹಾಕಿಸಿದರೆ ಬಿಸಿನೀರಿನ ಕರೆಂಟ್ ಖರ್ಚು ಮೂರನೇ ಎರಡರಷ್ಟು ಇಳಿಯುತ್ತದೆ ಎಂದು ಮಾರಾಟಗಾರರು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಆ ಉಳಿತಾಯ ತಿಂಗಳಿಗೆ 200 ರೂಪಾಯಿಯೋ, 1,000 ರೂಪಾಯಿಯೋ ಎಂಬುದು ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಬಿಸಿನೀರು ಬೇಕು ಎಂಬುದನ್ನು ಅವಲಂಬಿಸಿದೆ. ಯಂತ್ರದ ಬೆಲೆ ಲಕ್ಷ ರೂಪಾಯಿ ದಾಟುವುದರಿಂದ, ಮುಂಗಡ ಕೊಡುವ ಮೊದಲೇ ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಏನಿದು ಹೀಟ್ ಪಂಪ್?

ಫ್ರಿಜ್ ತನ್ನ ಒಳಗಿನ ಶಾಖವನ್ನು ಹೊರಗೆ ತಳ್ಳುತ್ತದೆ. ಹೀಟ್ ಪಂಪ್ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ನೀರಿಗೆ ಸೇರಿಸುತ್ತದೆ. ಇಲ್ಲಿ ಕರೆಂಟ್ ಬೇಕಾಗುವುದು ಕಂಪ್ರೆಸರ್ ಮತ್ತು ಫ್ಯಾನ್ ಓಡಿಸಲು ಮಾತ್ರ. ಹಾಗಾಗಿ 1 ಯೂನಿಟ್ ಕರೆಂಟ್‌ಗೆ ಸುಮಾರು 3 ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಗೀಸರ್‌ನಲ್ಲಿ 1 ಯೂನಿಟ್‌ಗೆ 1 ಯೂನಿಟ್ ಶಾಖವಷ್ಟೇ. 5 ಸ್ಟಾರ್ ಗೀಸರ್ ಆದರೂ ಅಷ್ಟೇ: ಅದರ ಸ್ಟಾರ್ ಹೇಳುವುದು ಟ್ಯಾಂಕ್‌ನಲ್ಲಿ ನಿಂತ ನೀರು ಎಷ್ಟು ನಿಧಾನವಾಗಿ ಆರುತ್ತದೆ ಎಂಬುದನ್ನು.

ಬ್ರಿಟನ್, ಜರ್ಮನಿಯಿಂದ ಬರುವ ಸುದ್ದಿಗಳಲ್ಲಿ ಹೀಟ್ ಪಂಪ್ ಎಂದರೆ ಇಡೀ ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರವು ಇದಕ್ಕೆ ಕೊಡುವ ನೆರವನ್ನು 2023ರ ಅಕ್ಟೋಬರ್‌ನಲ್ಲಿ 7,500 ಪೌಂಡ್‌ಗೆ ಏರಿಸಿತು. ನಮ್ಮಲ್ಲಿ ಇದರ ಹತ್ತಿರದ ಸಂಬಂಧಿ ದೆಹಲಿ ಕಡೆ ಮಾರಾಟವಾಗುವ 'ಹಾಟ್ ಆ್ಯಂಡ್ ಕೋಲ್ಡ್' ಎಸಿ. ಅದನ್ನು ಕೂರಿಸುವ ಕೆಲಸ ಮಾಮೂಲಿ ಸ್ಪ್ಲಿಟ್ ಎಸಿಯಷ್ಟೇ. ಈ ಲೇಖನದ ಲೆಕ್ಕವೆಲ್ಲ ಬಿಸಿನೀರಿನ ಹೀಟ್ ಪಂಪ್‌ನದ್ದು.

ಯಂತ್ರದ ಬೆಲೆ ಎಷ್ಟು, ಉಳಿದದ್ದೆಷ್ಟು?

ಮನೆ ಬಳಕೆಯ 200 ಲೀಟರ್ ಆಸುಪಾಸಿನ ಬ್ರ್ಯಾಂಡೆಡ್ ಹೀಟ್ ಪಂಪ್‌ಗೆ ಸ್ಥೂಲವಾಗಿ 1 ಲಕ್ಷದಿಂದ 2 ಲಕ್ಷ ರೂ. 25 ಲೀಟರ್ ಗೀಸರ್ ಇದರ ಹತ್ತನೇ ಒಂದು ಭಾಗಕ್ಕೆ ಸಿಗುತ್ತದೆ.

ಕೊಟೇಶನ್‌ನಲ್ಲಿ ಕಾಣದ ಖರ್ಚು ಬೇರೆಯೇ ಇದೆ. ಗೀಸರ್ ಆಯಾ ಬಾತ್‌ರೂಮ್‌ನಲ್ಲೇ ಇರುತ್ತದೆ. ಹೀಟ್ ಪಂಪ್ ಇಡೀ ಮನೆಗೆ ಒಂದೇ, ಆದ್ದರಿಂದ ಅಲ್ಲಿಂದ ಎಲ್ಲ ಬಾತ್‌ರೂಮ್‌ಗೂ ಬಿಸಿನೀರಿನ ಪೈಪ್ ಹೋಗಬೇಕು. ಹೊಸ ಮನೆ ಕಟ್ಟುವಾಗ ಇದು ಸಣ್ಣ ಕೆಲಸ. ಟೈಲ್ಸ್ ಹಾಕಿ ಮುಗಿಸಿದ ಹಳೆಯ ಫ್ಲ್ಯಾಟ್‌ನಲ್ಲಿ ಗೋಡೆ ಒಡೆಯಬೇಕು, ಪೈಪ್‌ಗೆ ಶಾಖ ನಿರೋಧಕ ಹೊದಿಕೆ ಬೇಕು, ಟೈಲ್ಸ್ ಮತ್ತೆ ಕೂರಿಸಬೇಕು. ಪ್ಲಂಬರ್ ಬಿಲ್ ಹಿಗ್ಗುವುದೇ ಇಲ್ಲಿ.

ತೂಕವನ್ನೂ ಮರೆಯಬೇಡಿ. 200 ಲೀಟರ್ ಟ್ಯಾಂಕ್ ತುಂಬಿದರೆ ನೀರೇ 200 ಕೆಜಿ, ಯಂತ್ರದ ತೂಕ ಪ್ರತ್ಯೇಕ. ಅದನ್ನು ಬಾಲ್ಕನಿ ಅಥವಾ ಯುಟಿಲಿಟಿಯಲ್ಲಿ ಇಡುವ ಮೊದಲು ಸೊಸೈಟಿಯ ಒಪ್ಪಿಗೆ ಪಡೆಯಬೇಕಾಗುತ್ತದೆ. ಗಾಳಿಯಾಡುವ ಜಾಗ ಬೇಕು. ಒಸರುವ ನೀರು ಹೋಗಲು ಡ್ರೈನ್, ಪ್ರತ್ಯೇಕ ಎಂಸಿಬಿ ಕೂಡ ಬೇಕು. ಕಂಪ್ರೆಸರ್ ಸದ್ದು ಮಾಡುವುದರಿಂದ ಪಕ್ಕದ ಮನೆಯವರ ಬೆಡ್‌ರೂಮ್ ಕಿಟಕಿಯ ಎದುರು ಇಟ್ಟರೆ ಜಗಳ ಖಚಿತ.

ಉಳಿತಾಯದ ಲೆಕ್ಕ

100 ಲೀಟರ್ ನೀರನ್ನು 10 ಡಿಗ್ರಿ ಬಿಸಿ ಮಾಡಲು ಸುಮಾರು 1.16 ಯೂನಿಟ್ ಶಾಖ ಬೇಕು. ಈ ಒಂದು ಸಂಖ್ಯೆ ಗೊತ್ತಿದ್ದರೆ ಯಾರ ಮನೆಯ ಲೆಕ್ಕವನ್ನಾದರೂ ಹಾಕಬಹುದು. ಯೂನಿಟ್‌ಗೆ 8 ರೂ. ಎಂದುಕೊಳ್ಳೋಣ.

ಮುಂಬೈನ ನಾಲ್ವರ ಕುಟುಂಬ, ತಲಾ 20 ಲೀಟರ್‌ನ ಒಂದು ಬಕೆಟ್ ಸ್ನಾನ. ನಲ್ಲಿ ನೀರು 25 ಡಿಗ್ರಿ, ಬೇಕಿರುವುದು 40. ಗೀಸರ್‌ಗೆ ದಿನಕ್ಕೆ 1.4 ಯೂನಿಟ್ ಸಾಕು. ಹೀಟ್ ಪಂಪ್ ಇದನ್ನು ಅರ್ಧ ಯೂನಿಟ್‌ಗಿಂತ ಸ್ವಲ್ಪ ಕಡಿಮೆಗೆ ಇಳಿಸುತ್ತದೆ. ತಿಂಗಳ ಉಳಿತಾಯ ಸುಮಾರು 220 ರೂ. ವರ್ಷಪೂರ್ತಿ ಬಿಸಿನೀರಲ್ಲೇ ಸ್ನಾನ ಮಾಡಿದರೂ 2,700 ರೂ. ಲಕ್ಷ ರೂಪಾಯಿ ವಾಪಸ್ ಬರುವಷ್ಟರಲ್ಲಿ ಯಂತ್ರವೇ ಗುಜರಿ ಸೇರಿರುತ್ತದೆ.

ಪುಣೆಯಲ್ಲಿ ಮೂರು ಬಾತ್‌ರೂಮ್‌ಗಳ ಮನೆ, ಐವರು, ತಲಾ 60 ಲೀಟರ್ ಶವರ್. 22 ಡಿಗ್ರಿ ನೀರನ್ನು 40ಕ್ಕೆ ಏರಿಸಲು ಗೀಸರ್‌ಗೆ ದಿನಕ್ಕೆ 6.3 ಯೂನಿಟ್, ಹೀಟ್ ಪಂಪ್‌ಗೆ 2.1. ಉಳಿತಾಯ ತಿಂಗಳಿಗೆ 1,000 ರೂ., ವರ್ಷಕ್ಕೆ 12,000. ಪೈಪ್ ಕೆಲಸ ಸೇರಿ 1.5 ಲಕ್ಷ ಖರ್ಚಾಗಿ, ಹೊಸ ಮನೆಯಾದ್ದರಿಂದ ಮೂರು ಗೀಸರ್‌ಗಳ 30,000 ರೂ. ಉಳಿದರೆ ಹಾಕಿದ ಹಣ 10 ವರ್ಷದಲ್ಲಿ ಮರಳುತ್ತದೆ. ಗೀಸರ್‌ಗಳು ಈಗಾಗಲೇ ಇದ್ದರೆ ಹನ್ನೆರಡೂವರೆ ವರ್ಷ ಬೇಕು. ಅಜ್ಜ-ಅಜ್ಜಿ, ಮಕ್ಕಳು ಎಲ್ಲ ಸೇರಿ ಎಂಟು-ಹತ್ತು ಜನರಿರುವ ಮನೆಗೆ ಹೀಟ್ ಪಂಪ್ ನಿಜಕ್ಕೂ ಒಗ್ಗುತ್ತದೆ.

ದೆಹಲಿಯ ಲೆಕ್ಕ ಅಚ್ಚರಿ ಹುಟ್ಟಿಸುತ್ತದೆ. ಅಲ್ಲಿ ಚಳಿ ಹೆಚ್ಚು, ಲಾಭವೂ ಹೆಚ್ಚಿರಬೇಕಲ್ಲವೇ? ಇದೇ ಐವರ ಮನೆಯನ್ನು ಅಲ್ಲಿಟ್ಟು ನೋಡಿ. 15 ಡಿಗ್ರಿ ನೀರಿಗೆ ಗೀಸರ್ 8.7 ಯೂನಿಟ್ ತಿನ್ನುತ್ತದೆ. ಆದರೆ ಗಾಳಿ ತಣ್ಣಗಾದಷ್ಟೂ ಹೀಟ್ ಪಂಪ್‌ನ ಸಾಮರ್ಥ್ಯ ಕುಗ್ಗುತ್ತದೆ. ಮೂರು ಪಟ್ಟಿನ ಬದಲು ಎರಡೂವರೆ ಪಟ್ಟು ಎಂದುಕೊಂಡರೆ ಉಳಿಯುವುದು ದಿನಕ್ಕೆ 42 ರೂ., ಅದೂ ನಾಲ್ಕು ತಿಂಗಳು ಮಾತ್ರ. ವರ್ಷಕ್ಕೆ ಸುಮಾರು 5,000 ರೂ.

ಸೋಲಾರ್ ಇದ್ದರೆ?

ಬೆಂಗಳೂರು, ಮೈಸೂರಿನ ಸ್ವಂತ ಮನೆಗಳ ಮೇಲೆ ಸೋಲಾರ್ ವಾಟರ್ ಹೀಟರ್ ಕಂಡು ಬೆಳೆದವರಿಗೆ ಅದೇ ಏಕೆ ಬೇಡ ಎನಿಸುತ್ತದೆ. ಟೆರೇಸ್ ನಿಮ್ಮದಾಗಿದ್ದರೆ ಸೋಲಾರೇ ಅಗ್ಗ. ಹೀಟ್ ಪಂಪ್‌ನ ಪ್ರಶ್ನೆ ಬರುವುದು ಟೆರೇಸ್ ಮೇಲೆ ಹಕ್ಕಿಲ್ಲದ ಅಪಾರ್ಟ್‌ಮೆಂಟ್‌ಗಳಲ್ಲಿ. ಬಾಡಿಗೆ ಮನೆಯಲ್ಲಿದ್ದರೆ ಎರಡೂ ಬೇಡ: ಮನೆ ಬಿಡುವಾಗ ಯಂತ್ರ ಒಯ್ಯಬಹುದು, ಗೋಡೆಯೊಳಗಿನ ಪೈಪ್ ಒಯ್ಯಲಾಗದು.

ಕೊಟೇಶನ್ ಪಡೆಯುವಾಗ

ಜಿಎಸ್‌ಟಿ, ಸಾಗಣೆ, ಸ್ಟ್ಯಾಂಡ್, ಪೈಪ್, ವೈರಿಂಗ್ ಸೇರಿದ ಒಟ್ಟು ಮೊತ್ತವನ್ನೇ ಬರೆಸಿಕೊಳ್ಳಿ. ಟ್ಯಾಂಕ್‌ಗೆ ಮತ್ತು ಕಂಪ್ರೆಸರ್‌ಗೆ ವಾರಂಟಿ ಬೇರೆ ಬೇರೆ ಇರುತ್ತದೆಯೇ ಕೇಳಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಗಡಸುತನದಿಂದ ಟ್ಯಾಂಕ್ ಹಾಳಾದರೆ ವಾರಂಟಿ ಸಿಗುತ್ತದೆಯೇ ಎಂಬುದನ್ನೂ ಕೇಳಿ. ಹಲವು ಮಾದರಿಗಳಲ್ಲಿ ತುರ್ತಿಗೆಂದು ಗೀಸರ್‌ನಂಥದ್ದೇ ಕಾಯಿಲ್ ಇರುತ್ತದೆ. ಅದು ತಾನಾಗಿ ಆನ್ ಆಗದಂತೆ ಸೆಟ್ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಬಿಲ್ ಗೀಸರ್‌ನದ್ದೇ ಬರುತ್ತದೆ.