ಹೊಸ್ತಿಲಿಲ್ಲದ ತಲಬಾಗಿಲು

ಚೌಕಟ್ಟು, ಕದ, ಕಬ್ಜಾ ಎಲ್ಲವನ್ನೂ ಕಾರ್ಖಾನೆಯಲ್ಲಿಯೇ ಜೋಡಿಸಿದ ಸಿದ್ಧ ಬಾಗಿಲುಗಳು ಈಗ ರಾಯಚೂರಿನ ಹೊಸ ಬಡಾವಣೆಗಳಿಗೂ ಬರತೊಡಗಿವೆ. ಕಂಡವರೆಲ್ಲ ಹೊಸ ಯುಕ್ತಿಯೆಂದು ಬೆರಗಾಗುತ್ತಾರೆ. ಮೂರು ದಶಕ ಇತಿಹಾಸ ಪಾಠ ಹೇಳಿದ ನನಗೆ ಹಾಗೆನ್ನಿಸುವುದಿಲ್ಲ. ಕದವನ್ನು ಚೌಕಟ್ಟಿನೊಡನೆ ಕೂಡಿಸಿಯೇ ನಿಲ್ಲಿಸುವುದು ನಮ್ಮ ಸೀಮೆಯ ಬಹು ಹಳೆಯ ಪದ್ಧತಿ. ಇದರಲ್ಲಿ ನಿಜವಾಗಿ ಹೊಸದೆಂದರೆ ಹೊಸ್ತಿಲು ಇಲ್ಲದಿರುವುದು.

ನಮ್ಮ ಊರಿನ ಕೋಟೆಯಿಂದಲೇ ಆರಂಭಿಸೋಣ. ಒಳಸುತ್ತಿನ ಗೋಡೆ ಕಾಕತೀಯರ ಕಾಲದ್ದೆಂದು 1294ರ ಶಾಸನ ತಿಳಿಸುತ್ತದೆ. ಆ ಶಾಸನವಿರುವ ಒಂದೇ ಕಲ್ಲಿನ ಉದ್ದ 41 ಅಡಿಗೂ ಮಿಗಿಲು. ಮೆಕ್ಕಾ ದರವಾಜ, ನೌರಂಗಿ ದರವಾಜ, ಕಾಟಿ ದರವಾಜಗಳು ನಂತರದ ಹೊರಸುತ್ತಿಗೆ ಸೇರಿದವು. ದಖ್ಖನಿನ ಕೋಟೆಗಳ ಹೆಬ್ಬಾಗಿಲುಗಳಿಗೆ ಕಬ್ಜಾ ಇರುತ್ತಿರಲಿಲ್ಲ. ಕದದ ಒಂದು ಅಂಚಿನ ಮರವನ್ನೇ ಮೇಲಕ್ಕೂ ಕೆಳಕ್ಕೂ ಗೂಟದಂತೆ ಚಾಚಿಸಿ, ಮೇಲೆ ಒಂದು, ಕೆಳಗೆ ಒಂದು ಕುಳಿಯಲ್ಲಿ ಕೂಡಿಸುತ್ತಿದ್ದರು. ಇದೇ ತಿರುಗುಣಿ. ಅಷ್ಟು ಭಾರದ ಕದವನ್ನು ಹೊರುತ್ತಿದ್ದುದು ಕೆಳಗಿನ ಕುಳಿ. (1520ರಲ್ಲಿ ಕೃಷ್ಣದೇವರಾಯನ ಸೈನಿಕರು ಈ ಕೋಟೆಯ ಗೋಡೆಯ ಕಲ್ಲುಗಳನ್ನೇ ಕೀಳತೊಡಗಿದರೆಂದು ಪೋರ್ಚುಗೀಸನಾದ ನೂನಿಜ್ ಬರೆದಿದ್ದಾನೆ. ಹೆಬ್ಬಾಗಿಲಿಗಿಂತ ಗೋಡೆಯೇ ಸುಲಭವೆಂದು ಅವರಿಗೆ ತೋರಿರಬೇಕು!)

ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಹಳೆಯ ಗುಡಿಗಳಿಗೆ ಹೋದವರು ಕಲ್ಲಿನ ಬಾಗಿಲುವಾಡಗಳ ಕೆತ್ತನೆಯನ್ನು ನೋಡಿ ಮುಂದೆ ಸಾಗುತ್ತಾರೆ. ಇಂಥ ಗುಡಿಗಳಲ್ಲಿ ಒಮ್ಮೆ ಬಗ್ಗಿ ಹೊಸ್ತಿಲ ಒಳಬದಿಯನ್ನೂ ನೋಡಬೇಕು. ಕದ ತಿರುಗುತ್ತಿದ್ದ ಕುಳಿಯನ್ನು ಹುಡುಕಬೇಕಾದ ಸ್ಥಳ ಅದು.

ದೇವದುರ್ಗ, ಮಾನ್ವಿಗಳ ಮಾಳಿಗೆ ಮನೆಗಳ ಬಾಗಿಲೂ ಇದೇ ಜಾತಿಯದು. ತಿರುಗುಣಿಯ ಕದವನ್ನು ಚೌಕಟ್ಟು ಮುಗಿದ ಮೇಲೆ ಏರಿಸಲು ಬರುವುದಿಲ್ಲ. ಕುಳಿಗಳ ನಡುವೆ ಅದನ್ನು ಸಿಕ್ಕಿಸಿಯೇ ಚೌಕಟ್ಟನ್ನು ಬಿಗಿಯಬೇಕು. ಆದ್ದರಿಂದ ಬಡಿಗೇರರು ಹೊಸ್ತಿಲು, ನಿಲುವು, ಮೇಲಡ್ಡ, ಕದ ನಾಲ್ಕನ್ನೂ ಒಂದಾಗಿ ಕೂಡಿಸುತ್ತಿದ್ದರು. ಅದನ್ನು ಪೂಜೆ ಮಾಡಿ ನಿಲ್ಲಿಸಿದ ಬಳಿಕ ಗೋಡೆ ಅದರ ಸುತ್ತ ಏಳುತ್ತಿತ್ತು. ಬಾಗಿಲು ಮೊದಲು, ಗೋಡೆ ಆಮೇಲೆ. ಎರಡಡಿ ದಪ್ಪದ ಮಣ್ಣಿನ ಗೋಡೆ ಚೌಕಟ್ಟನ್ನು ತಾನೇ ಅಪ್ಪಿ ಹಿಡಿಯುತ್ತಿತ್ತು. ಹೊಸ್ತಿಲಿಗೆ ಅರಿಸಿನ ಕುಂಕುಮವಿಡುವ ನಮ್ಮ ತಾಯಂದಿರು, ಮನೆಯ ಬಾಗಿಲನ್ನು ಹೊತ್ತಿದ್ದ ಮರವನ್ನೇ ಪೂಜಿಸುತ್ತಿದ್ದರು.

ಈ ಕ್ರಮವನ್ನು ಮುರಿದದ್ದು ಕಬ್ಬಿಣದ ಕಬ್ಜಾ. ಇಂಗ್ಲೆಂಡಿನಲ್ಲಿ ಎರಕದ ಕಬ್ಜಾಕ್ಕೆ 1775ರಲ್ಲಿ ಪೇಟೆಂಟ್ ದೊರೆಯಿತು. 1871ರಲ್ಲಿ ಮುಂಬಯಿ, ಮದರಾಸುಗಳ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದ ಮೇಲೆ ಇಂಥ ಸಾಮಾನು ನಮ್ಮತ್ತ ಬರುವ ದಾರಿ ಸುಗಮವಾಯಿತು. ಕಬ್ಜಾ ಬಂದಲ್ಲಿ ಕದದ ಭಾರ ಹೊಸ್ತಿಲಿನಿಂದ ಪಕ್ಕದ ನಿಲುವಿಗೆ ವರ್ಗವಾಯಿತು. ಚೌಕಟ್ಟು ಇಂದು, ಕದ ಆರು ತಿಂಗಳಿಗೆ ಎಂಬ ರೂಢಿ ಸಾಧ್ಯವಾಯಿತು. ಹೊಸ್ತಿಲು ಉಳಿಯಿತಾದರೂ ಕದ ಹೊರುವ ಅದರ ಕೆಲಸ ಹೋಗಿತ್ತು.

ಸಿದ್ಧ ಬಾಗಿಲು ಅಮೆರಿಕದಂಥ ಮರದ ಗೋಡೆಯ ನಾಡಿನಲ್ಲಿ ಬೆಳೆದ ಪದ್ಧತಿ. ಅಲ್ಲಿ ಗೋಡೆ ಮೊದಲು. ಚೌಕಟ್ಟಿಗಿಂತ ಒಂದಿಷ್ಟು ಅಗಲವಾದ ಕಂಡಿಯನ್ನು ಬಿಟ್ಟಿರುತ್ತಾರೆ. ಕಬ್ಜಾ ಇರುವ ಬದಿಯನ್ನು ತೂಗುಗುಂಡಿನಿಂದ ಮೊದಲು ನೆಟ್ಟಗೆ ಮಾಡಿ, ಪ್ರತಿ ಕಬ್ಜಾದ ಹಿಂದೆ ಎರಡೆರಡು ಬೆಣೆಗಳನ್ನು ಎದುರುಬದುರಾಗಿ ಬಡಿದು, ಉದ್ದನೆಯ ತಿರುಪುಗಳಿಂದ ಗೋಡೆಗೆ ಬಿಗಿಯುತ್ತಾರೆ. ಕದದ ಸುತ್ತಲಿನ ಸಂದು ಸುಮಾರು 3 ಮಿಲಿಮೀಟರಿನಂತೆ ಸಮನಾಗಿ ಕಾಣುವವರೆಗೆ ಬೆಣೆ ಸರಿಪಡಿಸಬೇಕು. ನಮ್ಮ ಇಟ್ಟಿಗೆ ಗೋಡೆಗೆ ಬರಿಯ ಮರದ ತಿರುಪು ಸಾಲದು; ರಂಧ್ರ ಕೊರೆದು ಆ್ಯಂಕರ್ ಹಾಕಬೇಕು. ಸಂದಿನಲ್ಲಿ ಉಬ್ಬುವ ಫೋಮ್ ತುಂಬಿ ಕೆಲಸ ಮುಗಿಯಿತೆನ್ನುವವರಿದ್ದಾರೆ. ಫೋಮ್ ಗಾಳಿಯನ್ನು ತಡೆದೀತು, ಬಾಗಿಲನ್ನು ಹೊರಲಾರದು.

ಇಂಥ ಹಲವು ಚೌಕಟ್ಟುಗಳಿಗೆ ಮೂರೇ ಬದಿ. ಕೆಳಗೆ ಏನೂ ಇಲ್ಲ. ನನ್ನ ಮೊಣಕಾಲಿಗೆ ಇದು ಹಿತವೆಂಬುದನ್ನು ಮುಚ್ಚಿಡಲಾರೆ, ಗಾಲಿಕುರ್ಚಿಯವರಿಗಂತೂ ಉಪಕಾರವೇ. ಆದರೆ ನಿಲುವುಗಳ ಕಾಲು ಅಗಲದಂತೆ ಹಿಡಿದಿಡುತ್ತಿದ್ದುದೂ ಹೊಸ್ತಿಲೇ ತಾನೆ? ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಒಣಗಿ ಮಳೆಗೆ ಉಬ್ಬುವ ಮರ ನಮ್ಮದು. ಕೆಳಗಿನ ಸಂದಿನಿಂದ ಬರುವ ಧೂಳು, ಚೇಳುಗಳ ಮಾತು ಬೇರೆ. ಚೌಕಟ್ಟು ಕೊಳ್ಳುವಾಗಲೇ ನಾಲ್ಕನೆಯ ಬದಿಯನ್ನೂ ಮಾಡಿಸಿಕೊಳ್ಳುವುದು ಲೇಸು. ನಮ್ಮ ಓಣಿಯ ಒಬ್ಬರು ಬಡಿಗೇರರನ್ನು ಕರೆಯಿಸಿ, ಒಂದೇ ಅಂಗುಲ ಎತ್ತರದ, ಎರಡೂ ಕಡೆ ಇಳಿಜಾರಾದ ಸಾಗವಾನಿ ಪಟ್ಟಿಯನ್ನು ಎರಡು ನಿಲುವುಗಳ ಬುಡಕ್ಕೆ ಸೇರಿಸಿ ಕೂಡಿಸಿದ್ದಾರೆ. ಅವರ ಮನೆಯ ಅಜ್ಜಿಗೆ ಅದನ್ನು ದಾಟಲು ಕಷ್ಟವಿಲ್ಲ. ಶುಕ್ರವಾರ ಅರಿಸಿನ ಹಚ್ಚಲೂ ಅಷ್ಟು ಜಾಗ ಸಾಕಾಗಿದೆ.