ಕುದುರೆ ಸಾಗಾಣಿಕೆಗೆ ಹಳೆಯ ಲಾರಿಯ ಆಯ್ಕೆ

ಹಳೆಯ ಸರಕು ಲಾರಿಯನ್ನು ಖರೀದಿಸಿ ಕುದುರೆ ಸಾಗಾಣಿಕೆ ವಾಹನವನ್ನಾಗಿ ಪರಿವರ್ತಿಸಬಯಸುವವರು ಬೆಲೆ ನಿಷ್ಕರ್ಷಿಸುವ ಮುನ್ನ ಚಾಸಿ ಹಾಗೂ ನೆಲದ ಹಲಗೆಗಳನ್ನು ಪರಿಶೀಲಿಸತಕ್ಕದ್ದು. ಉಪ್ಪು ಅಥವಾ ರಸಗೊಬ್ಬರ ಸಾಗಿಸಿದ ಲಾರಿಗಳಲ್ಲಿ ಹಲಗೆಯ ಕೆಳಗಿನ ಅಡ್ಡಪಟ್ಟಿಗಳು ತುಕ್ಕು ಹಿಡಿದಿರುವ ಸಂಭವವಿರುತ್ತದೆ. ಹೊಸ ಬಣ್ಣವು ಇದನ್ನು ಮರೆಮಾಚಬಹುದು. ವಯಸ್ಕ ಪಂದ್ಯದ ಕುದುರೆಯ ತೂಕ ಸುಮಾರು 500 ಕಿ.ಗ್ರಾಂ. ಈ ಭಾರವೆಲ್ಲವೂ ನಾಲ್ಕು ಗೊರಸುಗಳ ಮೇಲೆಯೇ ಬೀಳುವುದರಿಂದ, ಮೂಟೆಗಳನ್ನು ತಡೆದ ಹಲಗೆಯೂ ಮುರಿಯಬಹುದು. ಹಲಗೆಯಲ್ಲಿ ಸಿಲುಕಿ ಕಾಲು ಮುರಿದ ಕುದುರೆಯು ಚೇತರಿಸಿಕೊಳ್ಳುವುದು ವಿರಳ. ಹಲಗೆ ಕಳಚಿ ತೋರಿಸಲೊಪ್ಪದ ಮಾರಾಟಗಾರರಿಂದ ಖರೀದಿಸದಿರುವುದೇ ಲೇಸು. ಎಂಜಿನ್ನಿನ ದೋಷವನ್ನಾದರೋ ಹಣ ವೆಚ್ಚ ಮಾಡಿ ಸರಿಪಡಿಸಬಹುದು.

ಕೇಂದ್ರ ಮೋಟಾರು ವಾಹನ ನಿಯಮಗಳ 125-ಇ ನಿಯಮದನ್ವಯ ಪ್ರತಿ ಕುದುರೆಗೆ 2.25 ಚದರ ಮೀಟರಿಗೆ ಕಡಿಮೆಯಿಲ್ಲದ ಶಾಶ್ವತ ವಿಭಾಗವಿರತಕ್ಕದ್ದು. ಆದುದರಿಂದ ಲಾರಿಯ ಒಳ ಅಳತೆಯನ್ನು ಖುದ್ದಾಗಿ ತೆಗೆದುಕೊಳ್ಳುವುದು ಸೂಕ್ತ. ಇಂತಹ ವಾಹನದಲ್ಲಿ ಬೇರೆ ಸರಕು ಸಾಗಿಸುವಂತಿಲ್ಲವಾದ್ದರಿಂದ, ಮರಳುವಾಗ ಬಾಡಿಗೆ ದೊರೆಯುವುದೆಂಬ ಲೆಕ್ಕಾಚಾರ ಸಲ್ಲದು.

ಮಾರ್ಪಾಡಿಗೆ ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ಉಪಬಂಧಗಳು ಅನ್ವಯಿಸುತ್ತವೆ. ಕೆಲಸ ಆರಂಭಿಸುವ ಮೊದಲೇ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು. ನೋಂದಣಿ ಪತ್ರದಲ್ಲಿ ಸಾಲ ನೀಡಿದ ಸಂಸ್ಥೆಯ ಹೆಸರು ನಮೂದಾಗಿದ್ದಲ್ಲಿ, ಅದು ರದ್ದಾಗುವವರೆಗೆ ಮುಂಗಡ ನೀಡಬಾರದು.